ಒಂದು ಮೊರ ತೌಡು

ಮಂಡಿಪೇಟೆಯ ವಾಮದೇವಪ್ಪನವರ ಮನೆಯಲ್ಲಿ ಯಾರನ್ನೂ "ಸತ್ತರು" ಎನ್ನುವಂತಿರಲಿಲ್ಲ. "ಲಿಂಗೈಕ್ಯರಾದರು" ಎನ್ನಬೇಕು. ಕೊರಳಿಗೆ ಲಿಂಗ ಬಿದ್ದ ಮೇಲೆ ಮರುಹುಟ್ಟು ಎಂಬುದಿಲ್ಲ, ಹೋದವರು ಶಿವನಲ್ಲಿ ಸೇರಿಹೋದರು, ಮತ್ತೆ ಬರುವ ತಾಪತ್ರಯ ಅವರಿಗಿಲ್ಲ ಎಂದು ಅವರ ಅಪ್ಪ ಹೇಳಿದ್ದರು, ಅಜ್ಜ ಹೇಳಿದ್ದರು. ಹತ್ತಿಯ ವ್ಯಾಪಾರದಲ್ಲಿ ಬೆಳಗ್ಗೆ ಒಂದು, ಸಂಜೆ ಒಂದು ಹೇಳುವ ಮನುಷ್ಯ ಈ ಒಂದು ಮಾತಿನಲ್ಲಿ ಮಾತ್ರ ಎಂದೂ ಹಿಂದೆಮುಂದೆ ಆದವರಲ್ಲ.

ಹೆಂಡತಿ ದ್ರಾಕ್ಷಾಯಣಮ್ಮ ಏಳು ವರ್ಷದಿಂದ ಈ ಮಾತಿಗೆ ಹೂಂಗುಟ್ಟುತ್ತ ಬಂದಿದ್ದಳು. ಏಳು ವರ್ಷದ ಕೆಳಗೆ ಅವರ ಒಬ್ಬಳೇ ಮಗಳು ಬಸವಣ್ಣೆಮ್ಮ, ಎಂಟು ತುಂಬಿದ ಹುಡುಗಿ, ವಿಷಮಜ್ವರದಲ್ಲಿ ಹೋದಳು. ನೀರು ಕೊಟ್ಟರೆ ಜ್ವರ ಏರುತ್ತದೆ ಎಂಬುದು ಮನೆಯ ಹಿರಿಯರ ನಂಬಿಕೆ. ಹನ್ನೆರಡು ದಿನ ಆ ಕೂಸು "ನೀರು, ನೀರು" ಎಂದಿತು. ಹನ್ನೆರಡು ದಿನವೂ ಒದ್ದೆ ಬಟ್ಟೆಯಿಂದ ತುಟಿ ಒರೆಸಿದರೇ ಹೊರತು ಒಂದು ಗುಟುಕು ಕೊಡಲಿಲ್ಲ. ಎಂಥ ಕಲ್ಲೆದೆಯಪ್ಪಾ ಎನ್ನುತ್ತೀರಿ. ಕಲ್ಲೆದೆಯಲ್ಲ, ಮಗು ಉಳಿಯಲಿ ಎಂಬ ಆಸೆ. ಆಸೆ ಹಿಡಿದ ಮನುಷ್ಯರು ಎಂಥೆಂಥ ಕೆಲಸ ಮಾಡುತ್ತಾರೆ ಎಂದು ಹೇಳಲು ಬರುವುದಿಲ್ಲ.

ಹೋದವರನ್ನು ಮೀಯಿಸಿ, ಎಡ ಅಂಗೈಯಲ್ಲಿ ಅವರ ಲಿಂಗವನ್ನಿಟ್ಟು, ಕೂರಿಸಿದಂತೆಯೇ ಸಮಾಧಿಗೆ ಇಳಿಸುವುದು ಅವರ ಪದ್ಧತಿ. ಮಗಳನ್ನು ಮೀಯಿಸಿದವಳು ದ್ರಾಕ್ಷಾಯಣಮ್ಮನೇ. ಕೊರಳ ಬೆಳ್ಳಿ ಕರಡಿಗೆಯಿಂದ ಲಿಂಗವನ್ನು ತೆಗೆದಳು, ಪುಟ್ಟ ಅಂಗೈ ಬಿಡಿಸಿದಳು. ಇದನ್ನು ಇಟ್ಟರೆ ಮುಗಿಯಿತು, ಇನ್ನು ಈ ಮಗು ತಿರುಗಿ ಬರುವುದಿಲ್ಲ ಎಂದು ಅನ್ನಿಸಿದ್ದೇ ತಡ, ಕೈ ಅವಳ ಮಾತು ಕೇಳಲಿಲ್ಲ. ಲಿಂಗವನ್ನು ಸೆರಗಿಗೆ ಗಂಟು ಹಾಕಿಕೊಂಡು, ಅದರ ಜಾಗದಲ್ಲಿ ಅಷ್ಟೇ ಗಾತ್ರದ ವಿಭೂತಿ ಉಂಡೆ ಇಟ್ಟು, ಬೆರಳು ಮಡಿಸಿ, ಬಿಳಿ ಅರಿವೆ ಸುತ್ತಿಬಿಟ್ಟಳು. ಮಠದ ಅಯ್ಯನವರು ಬಿಚ್ಚಿ ನೋಡಲಿಲ್ಲ. ತಾಯಿ ಕಟ್ಟಿದ್ದನ್ನು ಯಾರು ಬಿಚ್ಚುತ್ತಾರೆ? ಅಂದಿನಿಂದ ಆ ಲಿಂಗ ಅವಳ ಸೀರೆ ಪೆಟ್ಟಿಗೆಯ ತಳದಲ್ಲಿ, ಮಗಳ ಲಂಗದ ಮಡಿಕೆಯೊಳಗೆ ಇತ್ತು. ಗಂಡ "ಲಿಂಗೈಕ್ಯ" ಎಂದಾಗಲೆಲ್ಲ ಅವಳ ಕಣ್ಣು ಆ ಪೆಟ್ಟಿಗೆಯ ಕಡೆ ಹೋಗುತ್ತಿತ್ತು.

ಹೀಗಿರುವಾಗ ಐವತ್ತೆಂಟನೇ ಇಸವಿಯ ಚಳಿಗಾಲದ ಒಂದು ಮಧ್ಯಾಹ್ನ ಬಳೆ ಮಾರುವ ಹಜೀರಾಬೀ ಬಂದಳು. ಅವಳ ಮಲಾರದಲ್ಲಿ ಬಳೆ ಎಷ್ಟಿದ್ದವೋ ಬಾಯಲ್ಲಿ ಸುದ್ದಿಯೂ ಅಷ್ಟೇ. ಪಡಸಾಲೆಯಲ್ಲಿ ಕೂತು, ದ್ರಾಕ್ಷಾಯಣಮ್ಮನ ಕೈಯನ್ನು ತನ್ನ ತೊಡೆಯ ಮೇಲೆ ಎಳೆದುಕೊಂಡು, ಬೆರಳು ಹಿಚುಕುತ್ತ ಶುರು ಮಾಡಿದಳು.

"ಹರಿಹರದಾಗೆ ಒಂದು ಅಜೀಬ್ ನಡೆದೈತೆ ಅಮ್ಮಾ. ಹೊಳೆ ದಂಡ್ಯಾಗೆ ಪಾಲಯ್ಯ ಅಂತ ಐದಾನೆ, ಮರಳಾಗೆ ಸೌತೆಕಾಯಿ ಬೆಳೀತಾನೆ. ಅವನ ಮಗಳು ಕೆಂಚವ್ವ, ಆರು ವರ್ಷದ್ದು. 'ಇದು ನನ್ನ ಮನಿ ಅಲ್ಲ, ನನ್ನ ಮನಿ ದಾವಣಗೆರ್ಯಾಗೈತೆ' ಅಂತ ಹಟ ಹಿಡ್ದೈತೆ ನೋಡ್ರಿ. ಮನಿ ತುಂಬ ಹತ್ತಿ ಮೂಟೆ ಇದ್ವಂತೆ, ಅದರ ಮ್ಯಾಲೆ ಮಲಗ್ತಿತ್ತಂತೆ. ಅಟ್ಟದ ಮ್ಯಾಲೆ ನಿಂತ್ರೆ ಮಂಡಕ್ಕಿ ಭಟ್ಟಿ ಹೊಗೆ ಕಾಣ್ತಿತ್ತಂತೆ. ಹೆಸರು ಕೇಳಿದ್ರೆ ಬಸವಣ್ಣೆಮ್ಮ ಅಂತೈತೆ. ಹಾಂ, ಅಮ್ಮಾ! ಕೈ ಯಾಕ ಹಿಂಗೆ ತಣ್ಣಗಾತು?"

ಹಜೀರಾಬೀ ಆ ಮನೆಗೆ ಇಪ್ಪತ್ತು ವರ್ಷದಿಂದ ಬರುತ್ತಿದ್ದವಳು. ಹರಿಹರಕ್ಕೂ ಹೋಗುತ್ತಿದ್ದವಳು. ಅವಳ ಬಾಯಿಂದಲೇ ಬಿದ್ದ ಮಾತು ಆ ಮಗುವಿನ ಕಿವಿಗೆ ಹೊಕ್ಕಿರಬಾರದೇಕೆ ಎಂದು ದ್ರಾಕ್ಷಾಯಣಮ್ಮ ತನ್ನನ್ನು ತಾನೇ ಕೇಳಿಕೊಂಡಳು. ಕೇಳಿಕೊಂಡದ್ದು ಬುದ್ಧಿ. ಬುದ್ಧಿ ಕೇಳುವ ಮೊದಲೇ ಎದೆ ಹರಿಹರಕ್ಕೆ ಓಡಿಹೋಗಿತ್ತು. ಮಗಳು ಬಂದಿದ್ದಾಳೆ. ಬಂದಿದ್ದಾಳೆ ಎಂದರೆ ಹೋಗಬೇಕಾದಲ್ಲಿಗೆ ಹೋಗಲಿಲ್ಲ. ಹೋಗಗೊಡದೆ ಇದ್ದವಳು ತಾನು.

ಅಂದು ಉಂಡು ಅಡ್ಡಾಗಿದ್ದ ಗಂಡನ ಮುಂದೆ ಹೋಗಿ ಕುಳಿತಳು. ಲಂಗದ ಮಡಿಕೆ ಬಿಡಿಸಿ ಲಿಂಗವನ್ನು ಮುಂದಿಟ್ಟಳು. ಎಲ್ಲ ಹೇಳಿದಳು, ಒಂದಕ್ಷರ ಬಿಡದೆ. ಅವರು ಬೈಯಲಿ ಎಂದೇ ಕಾದಳು. ಬೈದಿದ್ದರೆ ಅವಳಿಗೆ ಹಗುರವಾಗುತ್ತಿತ್ತು. ವಾಮದೇವಪ್ಪನವರು ಬೈಯಲಿಲ್ಲ. ಎದ್ದು ಕುಳಿತು ಆ ಲಿಂಗವನ್ನು ಅಂಗೈಗೆ ತೆಗೆದುಕೊಂಡರು. ಗೋಡೆಯಾಚೆ ಯಾರೋ ಹತ್ತಿ ತೂಗುತ್ತ ಲೆಕ್ಕ ಕೂಗುತ್ತಿದ್ದದ್ದು ಕೇಳುತ್ತಿತ್ತು.

"ಹಂಗಾದ್ರೆ ಅವಳು ಹೋಗಿಲ್ಲ," ಎಂದರು. ದನಿ ಅವರದ್ದಾಗಿರಲಿಲ್ಲ. "ಏಳು ವರ್ಷ ನಾನು ಮಂದಿ ಮುಂದೆ ಲಿಂಗೈಕ್ಯ, ಲಿಂಗೈಕ್ಯ ಅಂತ ಹೇಳ್ಕೊಂಡು ತಿರುಗಿದೆ ನೋಡು. ಒಳಗೆ ಒಂದು ದಿನಾನೂ ಅದು ನನಗೆ ಸಾಕಾಗ್ಲಿಲ್ಲ, ದ್ರಾಕ್ಷಾಯಣಿ. ಶಿವನ ಹತ್ರ ಇದ್ದು ಏನು ಮಾಡ್ತಾಳೆ ಅದು ಸಣ್ಣದು ಅನ್ನಿಸ್ತಿತ್ತು." ಮಗಳು ಹೋದ ದಿನವೂ ಅಳದ ಮನುಷ್ಯ ಮುಖಕ್ಕೆ ಟವೆಲು ಒತ್ತಿಕೊಂಡು ಅತ್ತರು. "ಕರಕೊಂಡು ಬಾ. ಯಾರ ಹೊಟ್ಟ್ಯಾಗೆ ಹುಟ್ಟಿದ್ರೇನು? ಇದೇ ಲಿಂಗಾನ ಅವಳ ಕೊರಳಿಗೆ ಕಟ್ಟೋಣ. ಯಾರು ಏನಂತಾರೋ ನಾನು ನೋಡ್ಕೋತೀನಿ. ನಾನು ಬಂದ್ರೆ ಅವರು ಹೆದರ್ತಾರೆ. ನೀನೇ ಹೋಗು."

ಮರುದಿನ ಬೆಳಗಿನ ಗಾಡಿಗೆ ದ್ರಾಕ್ಷಾಯಣಮ್ಮ ಹಜೀರಾಬೀಯ ಜೊತೆ ಹೊರಟಳು. ದಾವಣಗೆರೆಯಿಂದ ಹರಿಹರ ಎಷ್ಟು ದೂರ! ಕೂತು ಸೆರಗು ಸರಿ ಮಾಡಿಕೊಳ್ಳುವುದರಲ್ಲಿ ಬಂದುಬಿಡುತ್ತದೆ. ಅಂದು ಮಾತ್ರ ಆ ಗಾಡಿ ನಿದ್ದೆಯಲ್ಲಿ ನಡೆದ ಹಾಗೆ ನಡೆಯಿತು. ಮಿಲ್ಲಿನ ಚಿಮಣಿಗಳು ಮಂಜಿನಲ್ಲಿ ಒಂದೊಂದಾಗಿ ಅಳಿಸಿಹೋದವು. ಬಿಡಿಸಿದ ಹತ್ತಿಹೊಲಗಳಲ್ಲಿ ಉಳಿದುಹೋದ ಬಿಳಿಯ ಚೂರುಗಳು ಹಿಂದಕ್ಕೆ ತೇಲುತ್ತಿದ್ದವು. ಇಂಜಿನ್ನಿನ ಹೊಗೆ ಕಿಟಕಿಯೊಳಗೆ ಬಂದು ಅವಳ ಮಡಿಲಲ್ಲಿ ಸ್ವಲ್ಪ ಹೊತ್ತು ಕೂತು ಎದ್ದುಹೋಯಿತು. ಮಡಿಲು ಖಾಲಿಯಿತ್ತು. ಹಿಂದಿರುಗುವಾಗ ಇಲ್ಲಿ ಒಂದು ತಲೆ ಒರಗಿರುತ್ತದೆ ಎಂದು ಅವಳು ಅಂಗೈಯಿಂದ ಮಡಿಲನ್ನು ಒರೆಸಿಕೊಂಡಳು. ಎದುರಿಗಿದ್ದ ಹಜೀರಾಬೀ ಕೂಡ, ನಂಬುತ್ತೀರೋ ಇಲ್ಲವೋ, ಹರಿಹರ ಬರುವವರೆಗೆ ಮಲಾರದ ಬಳೆಗಳನ್ನೇ ಎಣಿಸುತ್ತ ಕೂತಳು.

ಹೊಳೆ ಬತ್ತಿ ಅರ್ಧ ಮರಳಾಗಿತ್ತು. ಕಲ್ಲಿನ ಸೇತುವೆಯ ಕಮಾನುಗಳು ಕೆಳಗಿನ ನೀರಿನಲ್ಲಿ ತಲೆಕೆಳಗಾಗಿ ನಿಂತು, ಇದ್ದಷ್ಟೂ ಕಮಾನು ಇನ್ನೊಂದಷ್ಟು ಆಗಿದ್ದವು. ದಂಡೆಯ ಮೇಲೆ ಪಾಲಯ್ಯನ ಗುಡಿಸಲು. ಅವನ ಹೆಂಡತಿ ಓಬಕ್ಕ ಬಾಗಿಲಲ್ಲೇ ನಿಂತಿದ್ದಳು, ಬರುತ್ತಾರೆಂದು ಗೊತ್ತಿದ್ದವಳ ಹಾಗೆ. ಬಡಕಲು ಹೆಂಗಸು, ಕೈ ತುಂಬ ಹಿಟ್ಟು. ಅವಳ ಅತ್ತೆ ಕರಿಯವ್ವ, ಹಣ್ಣಾದ ಮುದುಕಿ, ಬಿಸಿಲಿಗೆ ಬೆನ್ನು ಕೊಟ್ಟು ಕೂತಿದ್ದಳು. ಪಾಲಯ್ಯ ದೂರದಲ್ಲಿ ಸೌತೆಬಳ್ಳಿಯ ನಡುವೆ ಬಗ್ಗಿಕೊಂಡಿದ್ದ. ತಲೆ ಎತ್ತಲೇ ಇಲ್ಲ.

"ಬರ್ರಿ ಅಮ್ಮಾರೆ, ಕೂಡ್ರಿ," ಎಂದಳು ಓಬಕ್ಕ. "ಇಪ್ಪತ್ತು ದಿನ ಆತು. ನೀರು ಕುಡೀತೈತೆ, ರೊಟ್ಟಿ ಮುಟ್ಟಂಗಿಲ್ಲ. ಮುರಿದು ಬಾಯಿಗಿಟ್ರೆ 'ನೀನು ನಮ್ಮವ್ವ ಅಲ್ಲ, ನಮ್ಮವ್ವ ಬರ್ಲಿ' ಅಂತೈತೆ. ನಾನು ಹೆತ್ತೀನಿ ಕಣವ್ವಾ ನಿನ್ನ ಅಂದ್ರೆ, ನನ್ನ ಮುಖ ನೋಡಿ ಅಯ್ಯೋ ಪಾಪ ಅಂತೈತೆ. ಹಾಲು ಕುಡಿಸಿದೋಳಿಗೆ ಅಯ್ಯೋ ಪಾಪ ಅಂತೈತೆ ಅಮ್ಮಾರೆ!" ಅವಳು ಹಿಟ್ಟಿನ ಕೈಯಿಂದಲೇ ಹೊಳೆಯ ಕಡೆ ತೋರಿಸಿದಳು.

ಹುಡುಗಿ ನೀರಿನಂಚಿನಲ್ಲಿ, ಪಾದ ಮುಳುಗುವಷ್ಟು ನೀರಿನಲ್ಲಿ ಕುಳಿತಿದ್ದಳು. ಬಸವಣ್ಣೆಮ್ಮನ ಹೋಲಿಕೆ ಎಳ್ಳಷ್ಟೂ ಇರಲಿಲ್ಲ. ಅವಳು ಬೆಳ್ಳಗೆ, ಇವಳು ಕಪ್ಪಗೆ. ಅವಳ ಮೂಗು ನೀಳ, ಇವಳದು ಮೊಂಡು. ಕೂದಲು ಎಣ್ಣೆ ಕಾಣದೆ ಕೆಂಚಾಗಿತ್ತು. ಎದೆಯ ಎಲುಬುಗಳನ್ನು ದೂರದಿಂದಲೇ ಎಣಿಸಬಹುದಿತ್ತು. ಸುಮ್ಮನೆ ಬಂದೆ, ಯಾರದೋ ಕೂಸಿನ ಹುಚ್ಚಿಗೆ ನನ್ನ ಹುಚ್ಚನ್ನೂ ಸೇರಿಸಿದೆ ಎಂದು ದ್ರಾಕ್ಷಾಯಣಮ್ಮ ಅಂದುಕೊಳ್ಳುವಷ್ಟರಲ್ಲಿ ಹುಡುಗಿ ತಿರುಗಿ ನೋಡಿದಳು.

"ಬಂದ್ಯೇನವ್ವಾ? ಎಷ್ಟೊತ್ತು ಮಾಡ್ದೆ!"

ಸಂತೆಗೆ ಹೋಗಿ ತಡವಾಗಿ ಬಂದ ತಾಯಿಯನ್ನು ಕೇಳುವ ಹಾಗೆ ಕೇಳಿದಳು. ಅಳಲಿಲ್ಲ, ಓಡಿ ಬರಲಿಲ್ಲ. ಒದ್ದೆ ಕಾಲಿನಲ್ಲಿ ನಡೆದು ಬಂದು, ದ್ರಾಕ್ಷಾಯಣಮ್ಮ ಮರಳಿನ ಮೇಲೆ ಕುಸಿದು ಕುಳಿತದ್ದೇ, ಅವಳ ಮಡಿಲೇರಿ ಕೂತು, ತಲೆಯನ್ನು ಎಡತೋಳಿನ ಕೆಳಗೆ ತುರುಕಿದಳು. ಬಸವಣ್ಣೆಮ್ಮ ತುರುಕುತ್ತಿದ್ದದ್ದೂ ಎಡಗಡೆಗೇ. ಯಾವ ಮಗು ತಾನೇ ತುರುಕುವುದಿಲ್ಲ ಎಂದು ಬುದ್ಧಿ ಇನ್ನೊಂದು ಸಲ ಗೊಣಗಿತು. ಯಾರು ಕೇಳುತ್ತಾರೆ ಅದರ ಮಾತು! ಏಳು ವರ್ಷದ ಮೇಲೆ ಆ ಮಡಿಲಿಗೆ ಭಾರ ಬಂದಿತ್ತು. ಅವಳು ಆ ಕೆಂಚು ಕೂದಲಿಗೆ ಮುಖವಿಟ್ಟು ಬಿಕ್ಕಿ ಬಿಕ್ಕಿ ಅತ್ತಳು.

"ನೀನು ಹೆಂಗೆ ಬಂದಿ ಕೂಸೆ ಇಲ್ಲಿಗೆ?" ಎಂದು ಕೇಳಿದಳು ಸ್ವಲ್ಪ ಹೊತ್ತಿನ ಮೇಲೆ.

"ನಡಕೊಂಡು." ಹುಡುಗಿ ಹೊಳೆಯನ್ನೇ ನೋಡುತ್ತ, ನಿದ್ದೆಗಣ್ಣಿನಲ್ಲಿ ಮಾತಾಡಿದಳು. "ಬಾಳ ಮಂದಿ ಹೊಂಟಿದ್ರು. ದಾರಿ ಬೆಳ್ಳಗಿತ್ತು, ಹತ್ತಿ ಹಾಸಿದಂಗೆ. ಕಾಲು ನೋಯ್ತಿರಲಿಲ್ಲ. ಅಲ್ಲೊಂದು ಬಾಗಿಲಿತ್ತವ್ವಾ, ಒಳಗೆ ತಣ್ಣಗಿತ್ತು. ಎಲ್ಲಾರೂ ಕೈ ಬಿಚ್ಚಿ ತೋರ್ಸಿ ಒಳಗೆ ಹೋಗ್ತಿದ್ರು. ಎಲ್ಲಾರ ಕೈಯಾಗೂ ಅವರವರ ಸಾಮಿ ಇತ್ತು. ನಾನೂ ಬಿಚ್ಚಿದೆ. ನನ್ನ ಕೈಯಾಗೆ ಬರೇ ಬೂದಿ. ಗಾಳಿಗೆ ಹಾರಿ ಹೋತು."

ಆ ವಿಭೂತಿ ಉಂಡೆಯ ಸಂಗತಿ ದ್ರಾಕ್ಷಾಯಣಮ್ಮನನ್ನು ಬಿಟ್ಟರೆ ಅವಳ ಗಂಡನಿಗೆ ಮಾತ್ರ ಗೊತ್ತು, ಅದೂ ನಿನ್ನೆ ಮಧ್ಯಾಹ್ನದಿಂದ. ಹಜೀರಾಬೀಗೆ ಗೊತ್ತಿಲ್ಲ. ಅಯ್ಯನವರಿಗೆ ಗೊತ್ತಿಲ್ಲ.

"ಬೈದ್ರೇನು ಕೂಸೆ ಅವರು?"

"ಇಲ್ಲ. 'ನಿನ್ನನ್ನ ಯಾರೋ ಇನ್ನೂ ಬಿಟ್ಟಿಲ್ಲ ಕೂಸೆ, ಹೋಗು' ಅಂದ್ರು. ನನಗೆ ಬಾಯಾರಿತ್ತು. ತಿರುಗಿ ಬರೋವಾಗ ಇಲ್ಲಿ ಹೊಳೆ ಕಾಣ್ತು. ಇಳಿದುಬಿಟ್ಟೆ." ಅವಳು ತಲೆ ಎತ್ತಿ ದ್ರಾಕ್ಷಾಯಣಮ್ಮನ ಗಲ್ಲ ಮುಟ್ಟಿದಳು. "ಇಲ್ಲಿ ಎಷ್ಟು ಕೇಳಿದ್ರೂ ನೀರು ಕೊಡ್ತಾರೆ. ಬಾಳ ಒಳ್ಳೇರು. ಆದ್ರೆ ರೊಟ್ಟಿ ನುಂಗಾಕೆ ಆಗಲ್ಲ. ಗಂಟಲಾಗೆ ಯಾರೋ ಎಳೀತಾರೆ."

ಆ ಹೊತ್ತಿಗೆ ಕರಿಯವ್ವ ಕೋಲೂರಿಕೊಂಡು ಬಂದಳು. ಹಿಂದೆ ಓಬಕ್ಕ, ಒಂದು ಕೈಯಲ್ಲಿ ತೌಡು ತುಂಬಿದ ಮೊರ, ಇನ್ನೊಂದರಲ್ಲಿ ಬಟ್ಟೆ ಮುಚ್ಚಿದ ರೊಟ್ಟಿಯ ಬುಟ್ಟಿ. ಎರಡನ್ನೂ ಮರಳಿನ ಮೇಲೆ ಇಟ್ಟು ದೂರ ನಿಂತಳು.

"ನೋಡ್ರಿ ಅಮ್ಮಾರೆ," ಎಂದಳು ಮುದುಕಿ, "ಕೂಸಿಗೆ ಇಬ್ರು ತಾಯಂದ್ರು ಆಗ್ಯಾರೆ. ಇಬ್ರೂ ಎಳೀತಾರೆ, ನಡುವೆ ಇದು ಸಾಯ್ತೈತೆ. ಹಿಂದಿಂದು ನೆನಪಿಟ್ಟ ಕೂಸು ಏಳು ವರ್ಷ ದಾಟಿದ್ದು ನಾನು ಕಂಡಿಲ್ಲ. ಒಬ್ರು ಮಾರಬೇಕು, ಒಬ್ರು ಕೊಳ್ಳಬೇಕು. ಆಮ್ಯಾಲೆ ಒಬ್ಬಾಕೆದೇ ಕೂಸು. ನಮ್ಮ ಓಬಿ ಮಾರ್ತೀನಿ ಅಂದಾಳೆ. ನೀವು ಕೊಳ್ರಿ. ಪಟ್ಟಣದೋರು ನೀವು, ತೌಡು ತಂದಿರಾಕಿಲ್ಲ ಅಂತ ನಮ್ಮನೇದ್ದೇ ಮೊರ ತುಂಬಿಟ್ಟೀನಿ."

ಕೂಸುಗಳು ಉಳಿಯದ ಮನೆಯಲ್ಲಿ ಹೊಸ ಕೂಸನ್ನು ತೌಡಿಗೆ ಮಾರುವುದು ಆ ಕಡೆ ಎಲ್ಲರಿಗೂ ಗೊತ್ತಿದ್ದ ಸಂಗತಿ. ತೌಡಪ್ಪ, ತೌಡವ್ವ ಎಂಬ ಹೆಸರಿನವರು ಓಣಿಗೊಬ್ಬರಾದರೂ ಇರುತ್ತಿದ್ದರು. ಕೊಳ್ಳುವವಳು ಒಂದು ಮೊರ ತೌಡು ಕೊಡಬೇಕು. ಮಾರುವವಳು ಅದನ್ನು ಸೆರಗಿಗೆ ಹಾಕಿಸಿಕೊಂಡು "ಕೊಟ್ಟೆ" ಎಂದು ಮೂರು ಸಲ ಹೇಳಬೇಕು. ಮೂರನೆಯ ಸಲ ಹೇಳಿದ ಮೇಲೆ ಹಳೆಯ ತಾಯಿಗೂ ಕೂಸಿಗೂ ಋಣ ಹರಿಯಿತು. ನಗುವವರು ನಗಲಿ. ಆ ಮೂರು ಮಾತಿನ ಮೇಲೆ ಬದುಕಿ ಮೊಮ್ಮಕ್ಕಳನ್ನು ಕಂಡವರು ಎಷ್ಟೋ ಜನ.

ದ್ರಾಕ್ಷಾಯಣಮ್ಮನ ಕಣ್ಣು ಬೆಳಗಿತು. ಇಷ್ಟು ಸಲೀಸಾಗಿ ಆಗುತ್ತದೆ ಎಂದು ಅವಳು ಅಂದುಕೊಂಡಿರಲಿಲ್ಲ. ಸಂಜೆಯ ಗಾಡಿಗೆ ಮಡಿಲಲ್ಲಿ ಮಗು ಮಲಗಿರುತ್ತದೆ. ಮನೆಯ ಬಾಗಿಲಲ್ಲಿ ಗಂಡ ಅತ್ತಿಂದಿತ್ತ ತಿರುಗಾಡುತ್ತಿರುತ್ತಾರೆ. "ನಿಜವಾಗ್ಲೂ ಕೊಡ್ತೀಯೇನೆ ಓಬಕ್ಕಾ?" ಎಂದು ಕೇಳಿದಳು. ಕೇಳಿದ ದನಿಯಲ್ಲಿ ಆತುರವಿತ್ತು, ಅದು ಅವಳಿಗೇ ಕೇಳಿಸಿತು.

"ಕೊಡ್ತೀನಿ ಅಮ್ಮಾರೆ. ಎಲ್ಲಾದ್ರೂ ಉಂಡು ಬದುಕಿದ್ರೆ ಸಾಕು. ನಾನು ಹಟ ಮಾಡಿ ಇಟ್ಕಂಡು, ಅದು ಹೋದ್ರೆ, ಆಮ್ಯಾಲೆ ನನ್ನ ಹಟಾನ ಮಡಿಲಾಗೆ ಇಟ್ಕಂಡು ಆಡಿಸ್ಲೇನು?"

ಹೇಳಿದ್ದು ಗಟ್ಟಿಯಾಗೇ ಹೇಳಿದಳು. ಅವಳ ಕಾಲಿನ ಬೆರಳುಗಳು ಮಾತ್ರ ಮರಳನ್ನು ಬಗೆದು ಬಗೆದು ಕಣಕಾಲು ಮುಳುಗುವಷ್ಟು ಗುಂಡಿ ಮಾಡಿದ್ದವು. ದ್ರಾಕ್ಷಾಯಣಮ್ಮ ಆ ಗುಂಡಿಯನ್ನು ನೋಡಿದಳು. ನೋಡುತ್ತ ನೋಡುತ್ತ ಅವಳಿಗೆ ಮೈಯೆಲ್ಲ ನಾಚಿಕೆಯಾಯಿತು. ಈ ಹೆಂಗಸು ಅಕ್ಷರ ಕಲಿತವಳಲ್ಲ, ಮಠದ ಮಾತು ಕೇಳಿದವಳಲ್ಲ. ಜೀವಂತ ಮಗುವನ್ನು ಕೊಡುತ್ತೇನೆ ಎನ್ನುತ್ತಿದ್ದಾಳೆ, ಮಗು ಬದುಕಲಿ ಎಂದು. ತಾನು ಸತ್ತ ಮಗುವನ್ನೂ ಕೊಡಲಿಲ್ಲ. ಬಾಯಾರಿದ ಕೂಸನ್ನು ತಣ್ಣನೆಯ ಬಾಗಿಲಿನಿಂದ ಹಿಂದಕ್ಕೆ ಎಳೆದು ಮತ್ತೆ ಬಿಸಿಲಿಗೆ ಬಿಟ್ಟವಳು ತಾನು. ಈಗ ಇನ್ನೊಂದು ಸಲ ಎಳೆಯುವುದಕ್ಕೆ ಗಾಡಿ ಹತ್ತಿ ಬಂದಿದ್ದಾಳೆ.

ಮನಸ್ಸು ಒಪ್ಪಲಿಲ್ಲ. ಸುಳ್ಳೇಕೆ ಹೇಳಬೇಕು, ಅದು ಕೂಗಿಕೊಂಡಿತು. ಇವಳು ನನ್ನವಳು, ಬೂದಿಯ ಮಾತು ಹೇಳಿದಳಲ್ಲ, ಇದಕ್ಕಿಂತ ಇನ್ನೇನು ಸಾಕ್ಷಿ ಬೇಕು! ಅವಳು ಮಗುವನ್ನು ಇನ್ನೂ ಬಿಗಿಯಾಗಿ ಅಪ್ಪಿದಳು. ಆ ಬಿಗಿತದಲ್ಲೇ ಎಲುಬುಗಳು ಕೈಗೆ ಸಿಕ್ಕವು.

"ಅಜ್ಜೀ," ಎಂದಳು, "ಕೊಳ್ಳೋರು ತೌಡು ಕೊಡಬೇಕು, ಹೌದಲ್ಲ?"

"ಹೌದವ್ವ."

"ತೌಡು ಓಬಕ್ಕಂದು. ಮಗು ಮೊದ್ಲು ನಂದು. ಹಂಗಿದ್ಮ್ಯಾಲೆ ಕೊಳ್ಳೋಳು ಓಬಕ್ಕ, ಮಾರೋಳು ನಾನು. ಹಾಕು ಓಬಕ್ಕಾ ನನ್ನ ಸೆರಗಿಗೆ."

ಯಾರಿಗೂ ಕೂಡಲೇ ಅರ್ಥವಾಗಲಿಲ್ಲ. ಹಜೀರಾಬೀ "ಯಾ ಅಲ್ಲಾ, ಅಮ್ಮಾ, ಮನ್ಯಾಗೆ ಯಜಮಾನ್ರು ಕಾಯ್ತಿದ್ದಾರೆ" ಎಂದಳು. ಸೌತೆಬಳ್ಳಿಯ ನಡುವಿನಿಂದ ಪಾಲಯ್ಯ ಮೊದಲ ಸಲ ತಲೆ ಎತ್ತಿ ನೋಡಿದ. ಮುದುಕಿ ಮಾತ್ರ ದ್ರಾಕ್ಷಾಯಣಮ್ಮನ ಮುಖವನ್ನು ಒಂದು ಗಳಿಗೆ ದಿಟ್ಟಿಸಿ, ಕೋಲಿನಿಂದ ಸೊಸೆಯನ್ನು ತಿವಿದಳು. "ಹಾಕೇ ಹುಚ್ಚಿ. ಆಯಮ್ಮ ಮನಸ್ಸು ತಿರುಗಿಸೋಕೆ ಮುಂಚೆ ಹಾಕು."

ಓಬಕ್ಕ ಮೊರ ಬಗ್ಗಿಸಿದ ಅವಸರಕ್ಕೆ ಅರ್ಧ ತೌಡು ಮರಳಿಗೆ ಚೆಲ್ಲಿತು. ಉಳಿದದ್ದು ಸೆರಗಿಗೆ ಬಿತ್ತು. ಹುಡುಗಿ ಮಡಿಲಿನಿಂದ ಇಳಿದು ಇಬ್ಬರ ನಡುವೆ ನಿಂತಳು.

"ಕೊಟ್ಟೆ," ಎಂದಳು ದ್ರಾಕ್ಷಾಯಣಮ್ಮ. ಮೊದಲನೆಯದು ಸುಲಭವಾಗಿ ಬಂತು.

"ಕೊಟ್ಟೆ." ಎರಡನೆಯದಕ್ಕೆ ದನಿ ಒಡೆಯಿತು.

ಮೂರನೆಯದು ಬರಲಿಲ್ಲ. ಮನೆಗೆ ಹೋಗಿ ಗಂಡನಿಗೆ ಏನು ಹೇಳಬೇಕೋ ಅದೆಲ್ಲ ನೆನಪಾಯಿತು. ಆ ಲಿಂಗವನ್ನು ಕೊಡಬೇಕಾದದ್ದು ಕೊರಳಿಗಲ್ಲ, ಸಮಾಧಿಯ ಮಣ್ಣಿಗೆ ಎಂದು ಹೇಳಬೇಕು. ಅವರು ಇನ್ನೊಂದು ಸಲ ಟವೆಲಿನಲ್ಲಿ ಮುಖ ಮುಚ್ಚಿಕೊಳ್ಳುತ್ತಾರೆ, ಅದನ್ನು ನೋಡಬೇಕು. ಸೀರೆ ಪೆಟ್ಟಿಗೆಯಲ್ಲಿ ಇನ್ನು ಬರೀ ಸೀರೆ ಇರುತ್ತದೆ. ಹೊಳೆ ಹರಿಯುತ್ತಿತ್ತೋ ನಿಂತಿತ್ತೋ ಅವಳಿಗೆ ತಿಳಿಯಲಿಲ್ಲ. ಸೇತುವೆಯ ಮೇಲೆ ಒಂದು ಎತ್ತಿನ ಗಾಡಿ ಹೋಗುತ್ತಿತ್ತು, ನೀರಿನೊಳಗೂ ಹೋಗುತ್ತಿತ್ತು. ಎಲ್ಲರೂ ಕಾಯುತ್ತಿದ್ದರು.

ಹುಡುಗಿ ಅವಳ ಸೆರಗನ್ನು ಹಿಡಿದು ಮೆಲ್ಲಗೆ ಜಗ್ಗಿದಳು.

"ಹೇಳವ್ವಾ. ನನಗೆ ಹಸಿವಾಗೈತೆ."

"ಕೊಟ್ಟೆ," ಎಂದಳು ದ್ರಾಕ್ಷಾಯಣಮ್ಮ.

ಸಿಡಿಲು ಹೊಡೆಯಲಿಲ್ಲ, ಗಾಳಿ ಬೀಸಲಿಲ್ಲ. ಹುಡುಗಿ ಎರಡು ಸಲ ಕಣ್ಣು ಉಜ್ಜಿಕೊಂಡಳು, ಮಧ್ಯಾಹ್ನದ ನಿದ್ದೆಯಿಂದ ಎದ್ದ ಮಕ್ಕಳು ಉಜ್ಜಿಕೊಳ್ಳುವ ಹಾಗೆ. ಸುತ್ತ ನೋಡಿದಳು. ಓಬಕ್ಕನ ಕಾಲ ಬಳಿ ಹೋಗಿ ಕುಕ್ಕರಿಸಿ, ಬುಟ್ಟಿಯ ಬಟ್ಟೆ ಸರಿಸಿ, ರೊಟ್ಟಿ ಮುರಿದು ಬಾಯಿಗಿಟ್ಟಳು. ಅಗಿದಳು. ನುಂಗಿದಳು. ಓಬಕ್ಕ ಸದ್ದು ಮಾಡಿದರೆ ಎಲ್ಲಿ ನಿಂತುಹೋಗುತ್ತದೋ ಎಂದು ಸೆರಗನ್ನು ಬಾಯಿಗೆ ತುರುಕಿಕೊಂಡು ನಿಂತಿದ್ದಳು. ಒಂದು ರೊಟ್ಟಿ ಮುಗಿಯಿತು. ಹುಡುಗಿ ಎರಡನೆಯದಕ್ಕೆ ಕೈ ಹಾಕಿದವಳು ತಲೆ ಎತ್ತಿ, ಎದುರಿಗೆ ತೌಡಿನ ಸೆರಗು ಹಿಡಿದು ಕುಳಿತ ಹೆಂಗಸನ್ನು ಕಂಡಳು. ಮೊದಲ ಸಲ ನೋಡುವವರ ಕುತೂಹಲ ಆ ಕಣ್ಣಿನಲ್ಲಿತ್ತು.

"ಅವ್ವಾ," ಎಂದಳು ಓಬಕ್ಕನಿಗೆ, "ಆ ಅಮ್ಮಾರಿಗೂ ಒಂದು ರೊಟ್ಟಿ ಕೊಡವ್ವಾ. ಪಾಪ, ಅಳ್ತಾ ಐದಾರೆ."

ಓಬಕ್ಕ ರೊಟ್ಟಿ ಹಿಡಿದು ಅನುಮಾನಿಸುತ್ತ ನಿಂತಳು. ಮಂಡಿಪೇಟೆಯ ಆ ಮನೆಯವರು ಬೇರೆಯವರ ಮನೆಯಲ್ಲಿ ನೀರು ಕೂಡ ಮುಟ್ಟಿದವರಲ್ಲ. ದ್ರಾಕ್ಷಾಯಣಮ್ಮ ಕೈಗೆ ಹತ್ತಿದ ತೌಡನ್ನು ಕೊಡವಿಕೊಂಡು, ಎರಡೂ ಕೈ ಒಡ್ಡಿ ರೊಟ್ಟಿಯನ್ನು ಇಸಿದುಕೊಂಡಳು. ಆರಿಹೋಗಿತ್ತು. ಹುಡುಗಿ ನೋಡುತ್ತಿದ್ದಳು, ಅದಕ್ಕೇ ಪೂರ್ತಿ ತಿಂದಳು.